ಬಂಡೆಯ ಮೇಲಿನ ಕಲ್ಲರಳಿ

ಬೋಳುಬಂಡೆಯ ನೆತ್ತಿಯ ಮೇಲೆ ಒಂಟಿಯಾಗಿ ನಿಂತ ಕುಳ್ಳು ಮರವೊಂದರ ಛಾಯಾಚಿತ್ರವನ್ನು ನೀವೆಲ್ಲರೂ ಒಂದಲ್ಲ ಒಂದು ಕಡೆ ನೋಡಿಯೇ ಇರುತ್ತೀರಿ. ಬ್ಯಾಂಕಿನ ಕ್ಯಾಲೆಂಡರಿನಲ್ಲಿ, ವೈದ್ಯರ ಕೊಠಡಿಯ ಗೋಡೆಯ ಮೇಲೆ, ಶಾಲೆಯ ವಾರ್ಷಿಕೋತ್ಸವದ ಆಮಂತ್ರಣಪತ್ರಿಕೆಯಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕೆಳಗೆ ‘ಛಲ’ ಎಂದೋ, ‘ಆತ್ಮವಿಶ್ವಾಸ’ ಎಂದೋ, ‘ಮನಸ್ಸಿದ್ದರೆ ಮಾರ್ಗ’ ಎಂದೋ ಒಂದು ಮಾತು ಅಚ್ಚಾಗಿರುತ್ತದೆ. ಚಿತ್ರ ಕಣ್ಣಿಗೆ ಹಿತವಾದದ್ದು, ಮಾತು ಕಿವಿಗೆ ಇಂಪಾದದ್ದು. ಆದರೆ ಆ ಚಿತ್ರಕ್ಕೂ ಆ ಮಾತಿಗೂ ಇರುವ ನಂಟು ಎಷ್ಟರಮಟ್ಟಿಗೆ ನಿಜವಾದದ್ದು? ಮೂವತ್ತು ವರ್ಷಕ್ಕೂ ಮಿಕ್ಕು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತನಾದ ಮೇಲೆ ಕ್ಯಾಮೆರಾ ಹಿಡಿದವನು ನಾನು. ಇಂಥದೇ ಒಂದು ಮರವನ್ನು ಕೆಲವು ವರ್ಷಗಳಿಂದ ಋತುಋತುವಿಗೂ ಹೋಗಿ ನೋಡುತ್ತ, ಅದರ ಚಿತ್ರಗಳನ್ನು ತೆಗೆಯುತ್ತ ಬಂದಿದ್ದೇನೆ. ಆ ಅನುಭವದ ಬಲದಿಂದ ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಮರದ ಹೆಸರು. ಅದು ಕಲ್ಲರಳಿ, ಕಲ್ಲಶ್ವತ್ಥವೆಂದೂ ಕರೆಯುವುದುಂಟು. ಸಸ್ಯಶಾಸ್ತ್ರಜ್ಞರಿಗೆ ಇದು ಫೈಕಸ್ ಅರ್ನಾಟಿಯಾನ. ಆಲ, ಅರಳಿ, ಅತ್ತಿ, ಬಸರಿ, ಗೋಣಿಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಇದರ ಎಲೆ ಅರಳಿಯ ಎಲೆಯಂತೆಯೇ ಹೃದಯದ ಆಕಾರದ್ದು. ಆದರೆ ಅರಳಿಯೆಲೆಯ ತುದಿಗಿರುವ ನೀಳವಾದ ಬಾಲ ಇದಕ್ಕಿಲ್ಲ, ತೊಟ್ಟಿನಲ್ಲಿ ಕೆಂಪಿನ ಛಾಯೆಯುಂಟು. ಕನ್ನಡ ಮೇಷ್ಟರಿಗೆ ಪದ ಬಿಡಿಸುವ ಚಪಲ ನಿವೃತ್ತಿಯೊಂದಿಗೆ ಹೋಗುವುದಿಲ್ಲ. ಕಲ್ಲು, ಅರಳಿ ಎಂಬ ಎರಡು ನಾಮಪದಗಳು ಲೋಪಸಂಧಿಯಾಗಿ ಕೂಡಿದರೆ ಅದು ಮರದ ಹೆಸರು. ‘ಅರಳಿ’ ಎಂಬುದನ್ನು ‘ಅರಳು’ ಧಾತುವಿನಿಂದ ಬಂದ ಕ್ರಿಯಾರೂಪವೆಂದು ತೆಗೆದುಕೊಂಡರೆ, ಕಲ್ಲೇ ಅರಳಿ ನಿಂತಿತೆಂಬ ಅರ್ಥ ಹೊರಡುತ್ತದೆ. ಮೊದಲನೆಯ ಅರ್ಥದಲ್ಲಿ ಕರ್ತೃ ಮರ, ಎರಡನೆಯದರಲ್ಲಿ ಕಲ್ಲು. ಕ್ಯಾಲೆಂಡರಿನ ಚಿತ್ರ ಮೊದಲನೆಯ ಅರ್ಥವನ್ನಷ್ಟೇ ಬಲ್ಲದು. ನಾನು ಹೇಳಹೊರಟಿರುವುದು ಎರಡನೆಯ ಅರ್ಥದ ಪರವಾಗಿ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ರಾಮನಗರದ ಸುತ್ತಮುತ್ತ ಎದ್ದು ನಿಂತಿರುವ ಕಲ್ಲುಗುಡ್ಡಗಳನ್ನು ನೋಡದವರಿಲ್ಲ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬವನ ಹೆಸರಿನಿಂದ ಆ ಊರು ಒಂದು ಕಾಲಕ್ಕೆ ಕ್ಲೋಸ್‌ಪೇಟೆಯಾಗಿತ್ತು. ಊರಿನ ಹೆಸರು ಬದಲಾದರೂ ಕಲ್ಲಿನ ಹೆಸರು ಬದಲಾಗಲಿಲ್ಲ. ಭೂವಿಜ್ಞಾನಿಗಳು ಇಂದಿಗೂ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರು ಉದ್ದಕ್ಕೆ ಹರಡಿರುವ ಈ ಶಿಲಾಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಕಾದ ಶಿಲಾದ್ರವವಾಗಿದ್ದು, ತಣಿದು ಗಟ್ಟಿಯಾಗಿ, ಮೇಲಿದ್ದ ಮಣ್ಣು ಕಲ್ಲುಗಳ ಹೊರೆ ಯುಗಯುಗಗಳಲ್ಲಿ ಸವೆದುಹೋದಾಗ ಬಯಲಿಗೆ ಬಂದದ್ದು. ಹೊರೆ ಇಳಿದ ಬಂಡೆ ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದಾಗ ಈರುಳ್ಳಿಯ ಸಿಪ್ಪೆಯಂತೆ ಪದರುಪದರಾಗಿ ಬಿಡುತ್ತದೆ. ದೂರದಿಂದ ನೋಡಿದವರಿಗೆ ಬಂಡೆ ಅಖಂಡವಾಗಿ ಕಾಣುತ್ತದೆ. ಹತ್ತಿರ ಹೋಗಿ ಕೈಯಾಡಿಸಿದರೆ ಪದರಗಳ ಸಂದು, ಸೀಳು, ಬಿರುಕು, ಮಳೆನೀರು ನಿಲ್ಲುವ ದೊಣೆ ಇವೆಲ್ಲ ತಿಳಿಯುತ್ತವೆ. ನನ್ನ ಕಲ್ಲರಳಿ ಇರುವುದು ಈ ಸೀಮೆಯ ಒಂದು ಗುಡ್ಡದ ಮೇಲೆ. ಗುಡ್ಡದ ಹೆಸರನ್ನು ಹೇಳುವುದಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ. ಮರದ ಎತ್ತರ ಒಂದೂವರೆ ಆಳು. ಬುಡ ನನ್ನ ತೊಡೆಯಷ್ಟು ದಪ್ಪ. ಸುತ್ತ ಎತ್ತ ನೋಡಿದರೂ ಬೋಳು ಕಲ್ಲು.

ಇಂಥ ಕಡೆ ಮರವೊಂದು ಹುಟ್ಟುವುದಾದರೂ ಹೇಗೆ? ಹಕ್ಕಿಯಿಂದ. ಬುಲ್‌ಬುಲ್, ಮೈನಾ, ಕುಟ್ರುಹಕ್ಕಿ, ಬಾವಲಿ ಇವೆಲ್ಲ ಕಲ್ಲರಳಿಯ ಹಣ್ಣಿಗೆ ಗಿರಾಕಿಗಳು. ತಿಂದ ಹಣ್ಣಿನ ಸಾಸಿವೆಗಿಂತ ಚಿಕ್ಕದಾದ ಬೀಜಗಳನ್ನು ಅವು ಹಿಕ್ಕೆಯೊಂದಿಗೆ ಎಲ್ಲೆಂದರಲ್ಲಿ ಬೀಳಿಸುತ್ತವೆ. ಬಂಡೆಯ ಮೇಲೆ ಬಿದ್ದ ಬೀಜಗಳಲ್ಲಿ ಹೆಚ್ಚಿನವು ಬಿಸಿಲಿಗೆ ಒಣಗುತ್ತವೆ, ಇರುವೆಯ ಪಾಲಾಗುತ್ತವೆ, ಮೊದಲ ಮಳೆಗೆ ಕೊಚ್ಚಿ ಹೋಗುತ್ತವೆ. ಎಲ್ಲೋ ಒಂದು ಬಿರುಕಿಗೆ ಬೀಳುತ್ತದೆ. ಆ ಬಿರುಕಿನಲ್ಲಿ ಅದಕ್ಕೆ ಮೊದಲೇ ಗಾಳಿ ತಂದ ದೂಳಿದೆ, ಕಲ್ಲುಹೂವು ಕೊಳೆತ ಪುಡಿಯಿದೆ, ಹುಲ್ಲಿನ ಬೇರಿನ ಚೂರಿದೆ. ಒಂದು ಹಿಡಿಯಷ್ಟು ಮಣ್ಣು ಸೇರಲು ಅಲ್ಲಿ ಎಷ್ಟೋ ತಲೆಮಾರುಗಳು ಹಿಡಿದಿರುತ್ತವೆ.

ಮಣ್ಣಿಗಿಂತ ದೊಡ್ಡ ವಿಷಯ ನೀರಿನದು. ಬೋಳುಬಂಡೆಯ ಮೇಲೆ ನೀರಿಲ್ಲ, ಆದ್ದರಿಂದ ಮರ ದಾಹದಿಂದ ನರಳುತ್ತದೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ಇಳಿಜಾರು ಬಂಡೆಯ ಮೇಲೆ ಒಂದು ಸೆಂಟಿಮೀಟರು ಮಳೆ ಬಿತ್ತೆನ್ನಿ. ಅಷ್ಟಕ್ಕೇ ಸಾವಿರ ಲೀಟರು ನೀರಾಯಿತು. ಹೊಲದಲ್ಲಾದರೆ ಬಿದ್ದ ನೀರನ್ನು ಬಿದ್ದಲ್ಲೇ ಮಣ್ಣು ಕುಡಿಯುತ್ತದೆ. ಬಂಡೆ ಕುಡಿಯುವುದಿಲ್ಲ, ಬಿದ್ದುದನ್ನೆಲ್ಲ ಕೆಳಕ್ಕೆ ಹರಿಯಗೊಡುತ್ತದೆ. ಹರಿಯುವ ದಾರಿಗೆ ಅಡ್ಡಲಾಗಿ ಒಂದು ಬಿರುಕಿದ್ದರೆ, ಆ ಇಡೀ ಇಳಿಜಾರಿನ ನೀರಿನಲ್ಲಿ ಒಂದು ಪಾಲು ಅದರೊಳಕ್ಕೆ ಇಳಿಯುತ್ತದೆ. ಅಂದರೆ ಬಂಡೆಯೆಂಬುದು ಮರಕ್ಕೆ ಕಟ್ಟಿಕೊಟ್ಟ ಕೆರೆಯ ಅಚ್ಚುಕಟ್ಟನ್ನು ತಿರುವಿಹಾಕಿದಂತೆ: ಊರಗಲದಿಂದ ನೀರು ಕೂಡಿಬಂದು ಒಂದು ಗೇಣಿನ ಗದ್ದೆಗೆ ಹರಿಯುತ್ತದೆ. ಒಳಗಿಳಿದ ನೀರನ್ನು ಬಿಸಿಲು ಮುಟ್ಟದು. ಬೇರು ಆ ತೇವದ ಜಾಡು ಹಿಡಿದು ಕಲ್ಲಿನ ಪದರಗಳ ನಡುವೆ ಆಳಕ್ಕೆ ಇಳಿಯುತ್ತದೆ. ದಪ್ಪವಾಗುತ್ತ ಬಿರುಕನ್ನು ಅಗಲಿಸುತ್ತದೆ. ತನ್ನಿಂದ ಒಸರುವ ಆಮ್ಲಗಳಿಂದ ಕಲ್ಲಿನ ಖನಿಜಗಳನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ಬೇರಿನೊಂದಿಗೆ ಬಾಳುವ ಶಿಲೀಂಧ್ರಗಳ ಎಳೆಗಳು ಬೇರು ಹೋಗಲಾರದ ಸಂದುಗಳಿಗೂ ಹೋಗಿ ತೇವವನ್ನೂ ಪೋಷಕಾಂಶವನ್ನೂ ತಂದುಕೊಡುತ್ತವೆ. ಇದರ ಮೇಲೆ ಇನ್ನೂ ಕೆಲವು ಅನುಕೂಲಗಳುಂಟು. ನೆರಳು ಹಾಕುವ ದೊಡ್ಡ ಮರ ಪಕ್ಕದಲ್ಲಿಲ್ಲ. ಬೇಸಗೆಯಲ್ಲಿ ಹುಲ್ಲಿಗೆ ಬಿದ್ದ ಬೆಂಕಿ ಬಂಡೆಯ ನೆತ್ತಿಗೆ ಏರುವುದಿಲ್ಲ. ಆಡಿನ ಬಾಯಿಗೆ ಸಿಗುವುದು ಕಷ್ಟ.

ಇನ್ನು ಒಂಟಿತನದ ಮಾತು. ‘ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ’ ಎಂದು ನಮ್ಮ ಗಾದೆ ಹಂಗಿಸುತ್ತದೆ. ಆ ಹುಳುವೇ ಆ ಕುಲದ ಜೀವಾಳ. ಈ ಜಾತಿಯ ಮರಗಳ ಹೂವು ಕಾಯಿಯೊಳಗೇ ಅಡಗಿರುತ್ತದೆ. ಬಹುಮಟ್ಟಿಗೆ ಒಂದೊಂದು ಜಾತಿಯ ಮರಕ್ಕೆ ಒಂದೊಂದು ಬಗೆಯ ಪುಟ್ಟ ಕಣಜವೇ ಪರಾಗವನ್ನು ಹೊತ್ತು ಒಳಗೆ ಹೋಗಬೇಕು. ಒಂದೆರಡು ದಿನವಷ್ಟೇ ಬದುಕುವ ಆ ಕೀಟ ಗಾಳಿಯಲ್ಲಿ ತೇಲಿ ದೂರದ ಇನ್ನೊಂದು ಕಲ್ಲರಳಿಯಿಂದ ಇಲ್ಲಿಗೆ ಬರುತ್ತದೆ. ಹಕ್ಕಿ ಬಿತ್ತಿತು, ಕಣಜ ಕಾಯಿ ಕಟ್ಟಿಸಿತು, ಶಿಲೀಂಧ್ರ ಉಣಿಸಿತು, ಬಂಡೆ ನೀರು ಕೊಟ್ಟಿತು. ಇಷ್ಟು ಮಂದಿ ಸೇರಿ ಸಾಕಿದ ಮರವನ್ನು ನಾವು ಒಂಟಿಮರವೆಂದು ಕರೆಯುತ್ತೇವೆ.

ಹಾಗೆಂದರೆ ಮರದ ಪಾಲಿನ ಹೆಚ್ಚುಗಾರಿಕೆಯೇ ಇಲ್ಲವೆಂದು ಅರ್ಥವಲ್ಲ. ಅದರ ಹೆಚ್ಚುಗಾರಿಕೆ ಮಿತದಲ್ಲಿದೆ. ಬಿರುಕು ಎಷ್ಟು ಕೊಡುತ್ತದೆಯೋ ಅಷ್ಟಕ್ಕೇ ತನ್ನ ಮೈಯನ್ನು ಅಳವಡಿಸಿಕೊಂಡು, ಬರದ ವರ್ಷದಲ್ಲಿ ಒಂದು ಕೊಂಬೆಯನ್ನು ಒಣಗಬಿಟ್ಟು ಉಳಿದುದನ್ನು ಕಾಪಾಡಿಕೊಳ್ಳುತ್ತದೆ. ಆದ್ದರಿಂದ ಕುಳ್ಳಾಗಿರುವ ಮರವನ್ನೆಲ್ಲ ಎಳೆಯದೆಂದು ಭಾವಿಸಬಾರದು. ಕೆನಡಾ ದೇಶದ ನಯಾಗರ ಕಡಿದಾದ ಸುಣ್ಣಗಲ್ಲಿನ ಗೋಡೆಗಳ ಮೇಲೆ ಬೆಳೆದ ಸೊಟ್ಟ ಸೊಟ್ಟ ಸೀಡರ್ ಮರಗಳನ್ನು ಗ್ವೆಲ್ಫ್ ವಿಶ್ವವಿದ್ಯಾನಿಲಯದ ಡಗ್ಲಸ್ ಲಾರ್ಸನ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಪರೀಕ್ಷಿಸಿದರು. ಪೊದೆಗಿಂತ ದೊಡ್ಡದಲ್ಲವೆನಿಸುವ ಮರಗಳಲ್ಲಿ ಕೆಲವಕ್ಕೆ ಸಾವಿರ ವರ್ಷ ದಾಟಿತ್ತು. ಅದಕ್ಕೂ ಹಿಂದೆ ಅಮೆರಿಕದ ಎಡ್ಮಂಡ್ ಶುಲ್‌ಮನ್ 1954ರಲ್ಲೇ ಒಂದು ಲೇಖನದಲ್ಲಿ, ಅತಿ ಕಠಿಣವಾದ ನೆಲೆಗಳಲ್ಲಿ ನಿಧಾನವಾಗಿ ಬೆಳೆದ ಶಂಕುಮರಗಳೇ ಅತಿ ದೀರ್ಘಾಯುಗಳು ಎಂದು ತೋರಿಸಿದ್ದ. ಕ್ಯಾಲಿಫೋರ್ನಿಯಾದ ಬಿಳಿಬೆಟ್ಟಗಳಲ್ಲಿ ಆತ 1957ರಲ್ಲಿ ಉಂಗುರ ಎಣಿಸಿದ ಒಂದು ಬ್ರಿಸಲ್‌ಕೋನ್ ಪೈನ್ ಮರದ ವಯಸ್ಸು ಈಗ 4,800 ವರ್ಷಕ್ಕೂ ಹೆಚ್ಚು. ಅದು ನಿಂತಿರುವ ಜಾಗವನ್ನು ಅಲ್ಲಿನ ಅರಣ್ಯ ಇಲಾಖೆ ಗುಟ್ಟಾಗಿ ಇಟ್ಟಿದೆ. ಹೆಸರಾದ ಮರದ ಬುಡಕ್ಕೆ ಜನ ಬರುತ್ತಾರೆ. ಬಂದವರು ತೊಗಟೆಯ ಚೂರನ್ನು ನೆನಪಿಗೆಂದು ಒಯ್ಯುತ್ತಾರೆ. ಕಾಲ್ತುಳಿತಕ್ಕೆ ತೆಳುಮಣ್ಣು ಗಟ್ಟಿಯಾಗಿ ನೀರು ಇಳಿಯದಂತಾಗುತ್ತದೆ. ನನ್ನ ಗುಡ್ಡದ ಹೆಸರನ್ನು ನಾನು ಹೇಳದಿರುವುದು ಇದೇ ಕಾರಣಕ್ಕೆ.

ಈಗ ಛಾಯಾಗ್ರಹಣದ ವಿಷಯಕ್ಕೆ ಬರೋಣ. ಇಂಥ ಮರದ ಚಿತ್ರ ತೆಗೆಯುವ ರೂಢಿಯ ಕ್ರಮ ಸುಲಭವಾದದ್ದು. ತಗ್ಗಿನಲ್ಲಿ ಕುಳಿತು ಕ್ಯಾಮೆರಾವನ್ನು ಮೇಲಕ್ಕೆ ಎತ್ತುವುದು. ಹಿನ್ನೆಲೆಗೆ ಬರಿಯ ಆಕಾಶವನ್ನು ತಂದುಕೊಳ್ಳುವುದು. ಸೂರ್ಯ ಮುಳುಗುವ ಹೊತ್ತಾದರೆ ಇನ್ನೂ ಒಳ್ಳೆಯದು. ಕ್ಯಾಮೆರಾದೊಳಗಿನ ಬೆಳಕಿನ ಮಾಪಕ ಆಕಾಶದ ಹೊಳಪನ್ನು ನಂಬಿ ಅಳತೆ ಕೊಡುತ್ತದೆ; ಮರವೂ ಬಂಡೆಯೂ ಕರಿಯ ಆಕೃತಿಗಳಾಗುತ್ತವೆ. ಬಿರುಕು ಆ ಕಪ್ಪಿನಲ್ಲಿ ಮುಳುಗಿಹೋಗುತ್ತದೆ. ಚಿತ್ರ ನೋಡಿದವರು ಮರ ಶೂನ್ಯದಿಂದ ಎದ್ದು ಬಂದಿದೆ ಎಂದು ಬೆರಗಾಗುತ್ತಾರೆ.

ನಾನು ಅನುಸರಿಸುವ ಕ್ರಮ ಬೇರೆ. ಬೆಳಗಿನ ಏಳರಿಂದ ಎಂಟು ಗಂಟೆಯೊಳಗೆ ಬಂಡೆಯ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ. ಆಗ ಕಲ್ಲಿನ ಮೈಯ ಒಂದೊಂದು ತರಿಯೂ, ಪದರವೂ, ಸೀಳೂ ತನ್ನ ನೆರಳಿನಿಂದಲೇ ಎದ್ದು ಕಾಣುತ್ತದೆ. ಬೆಳಕಿನ ಅಳತೆಯನ್ನು ಆಕಾಶದಿಂದ ತೆಗೆದುಕೊಳ್ಳದೆ ಬಂಡೆಯಿಂದ ತೆಗೆದುಕೊಳ್ಳುತ್ತೇನೆ; ಆಕಾಶ ಸ್ವಲ್ಪ ಬಿಳಿಚಿಕೊಂಡರೂ ಚಿಂತೆಯಿಲ್ಲ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ಮರಕ್ಕಿಂತ ತುಸು ಎತ್ತರದಲ್ಲಿ, ಪಕ್ಕಕ್ಕೆ ನಿಂತರೆ ಒಂದು ವಸ್ತು ಕಣ್ಣಿಗೆ ಬೀಳುತ್ತದೆ. ಮರದ ಬುಡದಿಂದ ಹಿಡಿದು ಮೇಲಿನ ಇಳಿಜಾರಿನ ಉದ್ದಕ್ಕೂ ಕರಿಯ ಪಟ್ಟೆಯೊಂದು ಬಂಡೆಯ ಮೇಲೆ ಎಳೆದಂತಿದೆ. ಮಳೆನೀರು ವರ್ಷವರ್ಷವೂ ಹರಿಯುವ ಜಾಡಿನಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಬೆಳೆದು, ಒಣಗಿ, ಮತ್ತೆ ಬೆಳೆದು ಮೂಡಿಸಿದ ಬಣ್ಣ ಅದು. ನಮ್ಮ ಕಲ್ಲುಗುಡ್ಡಗಳಲ್ಲೆಲ್ಲ ಇಂಥ ಪಟ್ಟೆಗಳನ್ನು ಕಾಣಬಹುದು. ಆ ಪಟ್ಟೆಯ ಕೊನೆಗೆ ಬಿರುಕು, ಬಿರುಕಿನಲ್ಲಿ ಮರ. ಈ ಮೂರೂ ಒಂದೇ ಚೌಕಟ್ಟಿನೊಳಗೆ ಬರುವಂತೆ ನಿಲ್ಲುವ ಜಾಗವನ್ನು ಹುಡುಕುವುದೇ ನನ್ನ ಕೆಲಸ. ಹಾಗೆ ತೆಗೆದ ಚಿತ್ರದಲ್ಲಿ ಮರ ಚಿಕ್ಕದಾಗಿ ಕಾಣುತ್ತದೆ, ನಿಜ. ಆದರೆ ಅದು ಬದುಕಿರುವುದು ಹೇಗೆಂಬುದು ತಿಳಿಯುತ್ತದೆ.

ಋತುವಿಗೆ ತಕ್ಕಂತೆ ಚಿತ್ರದ ಮಾತೂ ಬೇರೆಯಾಗುತ್ತದೆ. ಜುಲೈಯಲ್ಲಿ ಮಳೆ ಹನಿಯುತ್ತಿರುವಾಗ ಆ ಪಟ್ಟೆಯೇ ಹೊಳೆಯುವ ತೊರೆಯಾಗುತ್ತದೆ. ಬೇಸಗೆ ಕಾಲಿಡುವ ಹೊತ್ತಿಗೆ ಮರ ಎಲೆಯುದುರಿಸಿ, ಕೆಲವೇ ದಿನಗಳಲ್ಲಿ ತಾಮ್ರದ ಬಣ್ಣದ ತಳಿರು ಬಿಡುತ್ತದೆ. ಸುತ್ತ ಕಾದ ಕಲ್ಲು, ನಡುವೆ ಆ ಕೆಂಪು. ಕಲ್ಲೇ ಅರಳಿತೆಂಬ ಮಾತು ಆ ಒಂದು ವಾರ ವ್ಯಾಕರಣದ ಚಮತ್ಕಾರವಾಗಿ ಉಳಿಯುವುದಿಲ್ಲ.

ಛಾಯಾಚಿತ್ರ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಕಟ್ಟುನಿಟ್ಟಾದ ನಿಯಮವಿದೆ: ಚಿತ್ರದಲ್ಲಿರುವ ಯಾವುದನ್ನೂ ಅಳಿಸಬಾರದು, ಇಲ್ಲದ್ದನ್ನು ಸೇರಿಸಬಾರದು. ಅಂಚುಗಳನ್ನು ಕತ್ತರಿಸುವುದಕ್ಕೆ ಮಾತ್ರ ಅನುಮತಿಯುಂಟು. ನಿಯಮ ಒಳ್ಳೆಯದೇ. ಆದರೆ ಅಂಚನ್ನು ಎರಡು ಅಂಗುಲ ಕತ್ತರಿಸಿದರೆ ಬಿರುಕು ಹೊರಗೆ ಹೋಗುತ್ತದೆ. ನಿಯಮ ಮುರಿಯದೆಯೇ ಸತ್ಯ ಮುರಿಯುತ್ತದೆ. ಕವಿ ಯಾವುದನ್ನು ಬಿಟ್ಟನೆಂಬುದನ್ನು ವಿಮರ್ಶಕರು ಕೇಳುವಂತೆ, ಛಾಯಾಗ್ರಾಹಕ ಯಾವುದನ್ನು ಬಿಟ್ಟನೆಂಬುದನ್ನೂ ಕೇಳಬೇಕು.

ಚೌಕಟ್ಟಿನ ಹೊರಗೆ ಉಳಿದದ್ದು ಎಷ್ಟು ಮುಖ್ಯವೆಂಬುದಕ್ಕೆ ಒಂದು ಪ್ರಸಿದ್ಧ ಮರದ ಕಥೆ ಸಾಕ್ಷಿ. ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಸೆಂಟಿನೆಲ್ ಡೋಮ್ ಎಂಬ ಗುಮ್ಮಟದಂಥ ಗ್ರಾನೈಟ್ ಬೆಟ್ಟವಿದೆ. ಎತ್ತರ 2,476 ಮೀಟರು. ನಮ್ಮ ಗುಡ್ಡಗಳಂತೆಯೇ ಅದೂ ಪದರು ಬಿಡುವ ಕಲ್ಲು. ಅದರ ನೆತ್ತಿಯ ಬಿರುಕಿನಲ್ಲಿ, ಗಾಳಿಯ ಹೊಡೆತಕ್ಕೆ ಒಂದೇ ಕಡೆಗೆ ಬಾಗಿ ಬೆಳೆದ ಜೆಫ್ರಿ ಪೈನ್ ಮರವೊಂದಿತ್ತು. 1867ರಷ್ಟು ಹಿಂದೆಯೇ ಕಾರ್ಲ್‌ಟನ್ ವಾಟ್ಕಿನ್ಸ್ ಅದರ ಚಿತ್ರ ತೆಗೆದಿದ್ದ. 1940ರ ಸುಮಾರಿಗೆ ಆನ್ಸೆಲ್ ಆಡಮ್ಸ್ ತೆಗೆದ ಕಪ್ಪುಬಿಳುಪಿನ ಚಿತ್ರದಿಂದ ಅದು ಲೋಕಪ್ರಸಿದ್ಧವಾಯಿತು. ಆಮೇಲೆ ಅಲ್ಲಿಗೆ ಹೋದವರೆಲ್ಲ ಅದೇ ಚಿತ್ರವನ್ನು ಮತ್ತೆ ತೆಗೆದರು. 1976ರ ಹೊತ್ತಿಗೆ ಕ್ಯಾಲಿಫೋರ್ನಿಯಾಕ್ಕೆ ಕಠಿಣವಾದ ಬರ ಬಂದಿತು. ಬಕೆಟ್ಟುಗಳಲ್ಲಿ ನೀರು ಹೊತ್ತುಕೊಂಡು ಹೋಗಿ ಅದರ ಬುಡಕ್ಕೆ ಹಾಕಿದವರೂ ಇದ್ದರು. ಮರ ಉಳಿಯಲಿಲ್ಲ. ಸತ್ತ ಮರ ಮುಂದೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ನಿಂತೇ ಇದ್ದು 2003ರ ಆಗಸ್ಟ್ ತಿಂಗಳಲ್ಲಿ ಉರುಳಿತು.

ಈ ಕಥೆಯನ್ನು ಕೇಳಿದಾಗೆಲ್ಲ ನನಗೆ ತೋರುವುದಿಷ್ಟು. ಅಷ್ಟು ಕಾಲ ಗಾಳಿಗೂ ಹಿಮಕ್ಕೂ ಬಗ್ಗದ ಮರ 1976ರಲ್ಲಿ ಇದ್ದಕ್ಕಿದ್ದಂತೆ ಛಲಗೇಡಿಯಾಯಿತೆ? ಬಿರುಕಿಗೆ ಇಳಿಯುತ್ತಿದ್ದ ನೀರು ನಿಂತಿತು, ಮರ ಸತ್ತಿತು. ಆ ನೀರನ್ನು ಯಾವ ಚಿತ್ರವೂ ತೋರಿಸಿರಲಿಲ್ಲವಾದ್ದರಿಂದ ಜನ ಮರದ ಆಯುಸ್ಸನ್ನು ಅದರ ಸಂಕಲ್ಪದ ಲೆಕ್ಕಕ್ಕೆ ಬರೆದಿದ್ದರು.

ಇದೆಲ್ಲ ಒಂದು ಮರದ ಮಾತಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಬಡಮಕ್ಕಳ ಸನ್ಮಾನ ಸಮಾರಂಭಗಳಿಗೆ ನನ್ನನ್ನು ಆಗಾಗ ಕರೆಯುತ್ತಾರೆ. ಕೂಲಿಯ ಮನೆಯ ಹುಡುಗಿಯೊಬ್ಬಳು ಹೆಚ್ಚು ಅಂಕ ಪಡೆದಿರುತ್ತಾಳೆ. ವೇದಿಕೆಯ ಮೇಲಿನವರು ಒಬ್ಬರಾದ ಮೇಲೊಬ್ಬರು ಎದ್ದು, ಈಕೆ ಕಲ್ಲಿನ ಮೇಲೆ ಬೆಳೆದ ಗಿಡ, ಏನೂ ಇಲ್ಲದೆ ಮೇಲೆ ಬಂದವಳು, ನೀವೂ ಹೀಗಾಗಿ ಎಂದು ಎದುರಿಗೆ ಕುಳಿತ ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಆ ಹೊಗಳಿಕೆಯೊಳಗೆ ಒಂದು ಕಠೋರತೆ ಅಡಗಿದೆ. ಮೇಲೆ ಬಾರದವರಿಗೆ ಛಲ ಸಾಲದಾಯಿತೆಂಬ ತೀರ್ಪು ಅದರಲ್ಲಿದೆ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತು ಹೇಳುತ್ತಿಲ್ಲ. ಹಳ್ಳಿಯ ಪ್ರೌಢಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನೊಬ್ಬನಿದ್ದ. ಕಂದಪದ್ಯಕ್ಕೆ ಪ್ರಸ್ತಾರ ಹಾಕುವುದರಲ್ಲಿ ಅವನ ಮುಂದೆ ನಾನು ಏನೇನೂ ಅಲ್ಲ. ಇಬ್ಬರ ಮನೆಯ ಬಡತನವೂ ಒಂದೇ ತೂಕದ್ದು. ಹತ್ತನೆಯ ತರಗತಿ ಮುಗಿದ ವರ್ಷ ಪಟ್ಟಣದ ಉಚಿತ ವಿದ್ಯಾರ್ಥಿನಿಲಯದಲ್ಲಿ ನಮ್ಮ ಕಡೆಯವರಿಗೆಂದು ಖಾಲಿಯಿದ್ದದ್ದು ಒಂದೇ ಸ್ಥಾನ. ಅದು ನನಗೆ ಸಿಕ್ಕಿತು. ಅವನು ಹೋಟೆಲಿನ ಕೆಲಸಕ್ಕೆ ಸೇರಿದ. ಮುಂದೆ ನನ್ನ ಪರೀಕ್ಷಾ ಶುಲ್ಕವನ್ನು ಕಟ್ಟಿದ ಅಧ್ಯಾಪಕರಿದ್ದರು. ಬಾಗಿಲು ಹಾಕುವ ಹೊತ್ತು ಮೀರಿದರೂ ಓದಲು ಬಿಡುತ್ತಿದ್ದ ಗ್ರಂಥಪಾಲಕರಿದ್ದರು. ನಾನು ಓದಿದ್ದು ಸುಳ್ಳಲ್ಲ, ಕಷ್ಟಪಟ್ಟದ್ದೂ ಸುಳ್ಳಲ್ಲ. ಆದರೆ ನನ್ನ ಬದುಕಿನ ಚಿತ್ರವನ್ನು ಯಾರಾದರೂ ತೆಗೆಯುವುದಾದರೆ ಆ ಒಂದು ಸ್ಥಾನ, ಆ ಶುಲ್ಕ, ಆ ತೆರೆದ ಬಾಗಿಲು ಚೌಕಟ್ಟಿನೊಳಗೆ ಬರಬೇಕು. ಬಾರದಿದ್ದರೆ ನನ್ನ ಗೆಳೆಯನಿಗೆ ಅನ್ಯಾಯವಾಗುತ್ತದೆ. ಬಂಡೆಯ ಮೇಲೆ ಬಿದ್ದು ಒಣಗಿದ ಬೀಜವೂ ಮರವಾದ ಬೀಜದಷ್ಟೇ ಗಟ್ಟಿಯಾದದ್ದು.

ಕಲ್ಲಿನ ಮೇಲೆ ಮರ ಬೆಳೆಯುವುದನ್ನು ನೋಡಿ ಸಂತೋಷಪಡಬಾರದೆಂದು ನಾನು ಹೇಳುತ್ತಿಲ್ಲ. ಹೆಚ್ಚು ಮರಗಳು ಬೇಕೆನ್ನುವವರು ಬೀಜಗಳಿಗೆ ಉಪದೇಶ ಮಾಡಿ ಫಲವಿಲ್ಲ; ಬಿರುಕುಗಳು ಎಷ್ಟಿವೆ, ಅವುಗಳಿಗೆ ನೀರು ಹರಿಯುತ್ತಿದೆಯೇ ಎಂದು ನೋಡಬೇಕು. ವಿದ್ಯಾರ್ಥಿನಿಲಯದ ಸ್ಥಾನ ಒಂದಕ್ಕೆ ಎರಡಾದರೆ, ವಿದ್ಯಾರ್ಥಿವೇತನ ಸಕಾಲಕ್ಕೆ ಕೈಸೇರಿದರೆ, ಊರಿನ ಗ್ರಂಥಾಲಯ ಇನ್ನೊಂದು ಗಂಟೆ ತೆರೆದಿದ್ದರೆ, ಅದೇ ಬಂಡೆಯ ಮೇಲೆ ಇನ್ನೊಂದು ಕಲ್ಲರಳಿ.

ಕಳೆದ ವರ್ಷ ಒಂದು ಹಳ್ಳಿಯ ಶಾಲೆಯವರು ಗೋಡೆಗೆ ಹಾಕಲು ಚಿತ್ರವೊಂದನ್ನು ಕೇಳಿದರು. ಕರಿಯ ಪಟ್ಟೆಯೂ ಬಿರುಕೂ ಚೆನ್ನಾಗಿ ಕಾಣುವ ಚಿತ್ರವನ್ನು ಕೊಟ್ಟೆ. ಕೆಳಗೆ ಒಂದು ಒಳ್ಳೆಯ ಮಾತು ಬರೆದುಕೊಡಿ ಎಂದರು ಮುಖ್ಯೋಪಾಧ್ಯಾಯರು. ‘ಕಲ್ಲರಳಿ’ ಎಂದಷ್ಟೇ ಬರೆದೆ. ಚಿತ್ರವನ್ನು ಮೊಳೆಗೆ ತಗುಲಿಹಾಕುವಾಗ ಸುತ್ತ ನೆರೆದಿದ್ದ ಮಕ್ಕಳಲ್ಲಿ ಪುಟ್ಟವಳೊಬ್ಬಳು ಮರವನ್ನು ಬಿಟ್ಟು ಆ ಪಟ್ಟೆಯ ಮೇಲೆ ಬೆರಳಿಟ್ಟು, “ಇದೇನು ಸಾರ್?” ಎಂದು ಕೇಳಿದಳು. “ಮರಕ್ಕೆ ನೀರು ಬರೋ ದಾರಿ ಕಣಮ್ಮ” ಎಂದೆ. ಅವಳು ಬೆರಳನ್ನು ಹಾಗೆಯೇ ಕೆಳಕ್ಕೆ ಜಾರಿಸಿ ಬಿರುಕಿನವರೆಗೂ ತಂದು, ಮತ್ತೆ ಮೇಲಕ್ಕೆ ಒಯ್ದು, ನೀರು ಎಲ್ಲಿಂದ ಹೊರಡುತ್ತದೆಂದು ಚಿತ್ರದ ಅಂಚಿನಾಚೆ ಗೋಡೆಯ ಮೇಲೂ ಹುಡುಕಿದಳು.

(ಬಾನುಲಿ ಭಾಷಣದ ಬರಹರೂಪ. ಆಕಾಶವಾಣಿಯ ಕೃಪೆ)